ನಾಲ್ಕು ಪುಟ್ಟ ಕಾಲೇಜು, ಮೂರು ದಿನ, ಅಪ್ಪ ಓದಿದ ನೋಟಿಸ್ ಬೋರ್ಡ್‌ಗಳು

ನಾನು ಓದಿದ ಇಂಜಿನಿಯರಿಂಗ್ ಕಾಲೇಜನ್ನು ಮೊದಲ ಸಲ ನೋಡಿದ್ದು ಟ್ರಂಕು, ಹಾಸಿಗೆ ಸುರುಳಿ ಹಿಡಿದುಕೊಂಡು ಹಾಸ್ಟೆಲ್ ಸೇರಲು ಹೋದ ದಿನವೇ. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಸೀಟು ಉಳಿದಿದ್ದ ಕಾಲೇಜುಗಳ ಹೆಸರು ನೋಡಿ ಅಪ್ಪ "ಇದಾಗಬಹುದು" ಅಂದರು, ಅಷ್ಟೇ. ಸೇರುವ ಮೊದಲು ಹೋಗಿ ನೋಡಬಹುದು ಅಂತ ನಮಗಿಬ್ಬರಿಗೂ ಹೊಳೆದೇ ಇರಲಿಲ್ಲ.

ಈಗ ನನ್ನ ಮಗಳು ಪುಟ್ಟಿ ಇಲ್ಲಿ ನ್ಯೂಜೆರ್ಸಿಯಲ್ಲಿ ಹನ್ನೊಂದನೇ ತರಗತಿಯಲ್ಲಿದ್ದಾಳೆ. ನಮ್ಮ ಲೆಕ್ಕದಲ್ಲಿ ಪಿಯುಸಿ ಮೊದಲ ವರ್ಷ. ಏಪ್ರಿಲ್ ರಜೆ ಬಂತು ಅಂದರೆ ಈ ವಯಸ್ಸಿನ ಮಕ್ಕಳಿರುವ ಮನೆಯವರೆಲ್ಲ ಕಾರು ಹತ್ತಿ ಕಾಲೇಜು ನೋಡಲು ಹೊರಡುತ್ತಾರೆ. ದೊಡ್ಡ ಯೂನಿವರ್ಸಿಟಿಗಳ ಹೆಸರು ನನಗೂ ಗೊತ್ತಿತ್ತು. ಪುಟ್ಟಿ ಕೊಟ್ಟ ಪಟ್ಟಿಯಲ್ಲಿ ಇದ್ದಿದ್ದೇ ಬೇರೆ: ಮೌಂಟ್ ಹೋಲಿಯೋಕ್, ಸ್ಮಿತ್, ಆಮ್ಹರ್ಸ್ಟ್, ವಿಲಿಯಮ್ಸ್. ನಾಲ್ಕೂ ಪಶ್ಚಿಮ ಮ್ಯಾಸಚೂಸೆಟ್ಸ್‌ನ ಸಣ್ಣ ಊರುಗಳಲ್ಲಿವೆ. ಒಂದೊಂದರಲ್ಲೂ ಎರಡು ಸಾವಿರದ ಆಸುಪಾಸು ವಿದ್ಯಾರ್ಥಿಗಳು. ನಮ್ಮ ಕಡೆಯ ಒಂದು ದೊಡ್ಡ ಪದವಿ ಕಾಲೇಜಿನಲ್ಲಿ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಊರಲ್ಲಿ ಯಾರಿಗಾದರೂ ಹೇಳಿದರೆ "ಹಾಗಂದ್ರೆ ಯಾವ ಕಾಲೇಜು?" ಅಂತ ಕೇಳುತ್ತಾರಲ್ಲ ಅನ್ನುವ ಅಳುಕು ನನಗಿತ್ತು. ನಿಜ ಹೇಳುತ್ತಿದ್ದೇನೆ.

ನಮ್ಮ ಜೊತೆ ಅಪ್ಪನೂ ಬಂದಿದ್ದರು. ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಕಾಲೇಜುಗಳಲ್ಲಿ 31 ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. "ಕಾಲೇಜು ನೋಡೋಕೆ ನಾನಿಲ್ಲದೆ ಹೆಂಗೆ ಹೋಗ್ತೀರಿ?" ಅಂತ ಹಿಂದಿನ ರಾತ್ರಿಯೇ ಸ್ವೆಟರ್, ಮಫ್ಲರ್ ತೆಗೆದಿಟ್ಟುಕೊಂಡಿದ್ದರು.

ಮೊದಲ ದಿನ: ಸೌತ್ ಹ್ಯಾಡ್ಲಿ, ನಾರ್ತಾಂಪ್ಟನ್

ಬೆಳಿಗ್ಗೆ ಆರಕ್ಕೆ ಹೊರಟೆವು. ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಖಾರದ ಅವಲಕ್ಕಿ. ಹಾರ್ಟ್‌ಫರ್ಡ್ ದಾಟುವ ತನಕ ಬರೀ ಹೆದ್ದಾರಿ, ಹೇಳುವಂಥದ್ದು ಏನೂ ಇಲ್ಲ. ನ್ಯೂಜೆರ್ಸಿಯಲ್ಲಿ ಚೆರ್ರಿ ಹೂ ಬಿಟ್ಟಾಗಿತ್ತು, ಉತ್ತರಕ್ಕೆ ಹೋದಂತೆ ಮರಗಳು ಬೋಳಾಗುತ್ತಾ ಹೋದವು, ಕ್ಯಾಲೆಂಡರ್ ಹಿಂದಕ್ಕೆ ತಿರುಗಿದ ಹಾಗೆ. ಏಪ್ರಿಲ್‌ನಲ್ಲಿ ಈ ಕಡೆ ಬರುವವರು ದಪ್ಪ ಜಾಕೆಟ್ ಬಿಟ್ಟು ಬರಬೇಡಿ. ನೀರು ಒಳಗೆ ಹೋಗದ ಶೂ ಇದ್ದರೆ ಇನ್ನೂ ಒಳ್ಳೆಯದು. ನಾವು ಜಾಕೆಟ್ ತಂದಿದ್ದೆವು, ಶೂ ತಂದಿರಲಿಲ್ಲ.

ಸೌತ್ ಹ್ಯಾಡ್ಲಿಯ ಮೌಂಟ್ ಹೋಲಿಯೋಕ್ ಹೆಣ್ಣುಮಕ್ಕಳ ಕಾಲೇಜು. ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಗಡಿಯಾರದ ಗೋಪುರ, ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳು, ನಡುವೆ ಒದ್ದೆ ಹುಲ್ಲು. ಸದ್ದೇ ಇಲ್ಲ. ನನ್ನ ಮೊದಲ ಅನಿಸಿಕೆ ಅದೇ, ಎಷ್ಟು ನಿಶ್ಶಬ್ದ ಅಂತ. ಆಮೇಲೆ ಗಂಟೆ ಹೊಡೆಯಿತು, ಎಲ್ಲ ಬಾಗಿಲುಗಳಿಂದಲೂ ಹುಡುಗಿಯರು ಹೊರಗೆ ಬಂದರು, ಹತ್ತು ನಿಮಿಷ ಜಾತ್ರೆಯ ಗದ್ದಲ, ಮತ್ತೆ ಅದೇ ಮೌನ. ಬೇಸಿಗೆ ರಜೆಯಲ್ಲಿ ಬಂದಿದ್ದರೆ ಇದು ಸಿಗುತ್ತಿರಲಿಲ್ಲ. ಪಾಠ ನಡೆಯುವ ದಿನಗಳಲ್ಲೇ ಬರಬೇಕು ಅಂತ ಪುಟ್ಟಿ ಹಟ ಹಿಡಿದಿದ್ದು ಸರಿಯಾಗಿಯೇ ಇತ್ತು. ಆದರೆ ಏಪ್ರಿಲ್‌ನಲ್ಲಿ ಕಾಲೇಜು ಸುತ್ತಾಡಿಸಿ ತೋರಿಸುವ ಟೂರ್‌ಗಳು ಬೇಗ ತುಂಬಿಹೋಗುತ್ತವೆ, ಮೂರು ವಾರ ಮೊದಲೇ ಹೆಸರು ಕೊಟ್ಟಿದ್ದರಿಂದ ನಮಗೆ ಜಾಗ ಸಿಕ್ಕಿತು.

ಟೂರ್ ಮಾಡಿಸುವವರು ವಿದ್ಯಾರ್ಥಿಗಳೇ. ನಮ್ಮ ಗೈಡ್ ಎರಡನೇ ವರ್ಷದ ಹುಡುಗಿ. ನಮ್ಮ ಕಡೆಗೆ ಮುಖ ಮಾಡಿಕೊಂಡು, ಒಂದು ಗಂಟೆ ಹಿಂದು ಹಿಂದಕ್ಕೆ ನಡೆಯುತ್ತಾ ಮಾತಾಡಿದಳು. ಮೆಟ್ಟಿಲು ಬಂದಾಗ ಅಪ್ಪ ಪ್ರತಿ ಸಲವೂ "ಜೋಪಾನ ಮಗಾ" ಅಂತ ಕನ್ನಡದಲ್ಲೇ ಕೂಗುತ್ತಿದ್ದರು. ಮೂರನೇ ಸಲಕ್ಕೆ ಅವಳಿಗೆ ಅರ್ಥವಾಯಿತು, ಕೈ ಮುಗಿದಳು.

ಮೇರಿ ಲಯನ್ ಎಂಬ ಶಿಕ್ಷಕಿ 1837ರಲ್ಲಿ ಈ ಕಾಲೇಜು ಶುರು ಮಾಡಿದರು. ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ಅನ್ನುವುದು ತೀರಾ ಅಪರೂಪವಾಗಿದ್ದ ಕಾಲ. ಹಸಿರು ವೆಲ್ವೆಟ್ ಚೀಲ ಹಿಡಿದು ಮನೆಮನೆಗೆ ಹೋಗಿ ದುಡ್ಡು ಕೂಡಿಸಿದರಂತೆ. ಶುಲ್ಕ ವರ್ಷಕ್ಕೆ 60 ಡಾಲರ್. ಅಷ್ಟು ಕಡಿಮೆ ಇಡುವುದಕ್ಕಾಗಿ ಅಡುಗೆ, ಗುಡಿಸುವುದು ಎಲ್ಲವನ್ನೂ ಹುಡುಗಿಯರೇ ಹಂಚಿಕೊಂಡು ಮಾಡುತ್ತಿದ್ದರು. ಲಯನ್ ಅವರ ಸಮಾಧಿ ಕ್ಯಾಂಪಸ್‌ನೊಳಗೇ ಇದೆ. ಅಪ್ಪ ಅಲ್ಲಿ ಚಪ್ಪಲಿ ಬಿಡುವವರ ಹಾಗೆ ಒಂದು ಕ್ಷಣ ನಿಂತರು. ಲಯನ್ ಅವರೇ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದರು ಅಂತ ಗೈಡ್ ಹೇಳಿದಾಗ ಅಪ್ಪನ ಮುಖ ಅರಳಿತು.

ಇನ್ನೊಂದು ಸಂಗತಿ ಪುಟ್ಟಿಗೆ ತುಂಬ ಹಿಡಿಸಿತು. ಶರತ್ಕಾಲದಲ್ಲಿ ಒಂದು ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಗಂಟೆ ಬಾರಿಸುತ್ತಾರೆ. ಅವತ್ತು ಪಾಠ ಇಲ್ಲ, ಎಲ್ಲರೂ ಪಕ್ಕದ ಬೆಟ್ಟ ಹತ್ತಲು ಹೋಗುತ್ತಾರೆ. ಯಾವ ದಿನ ಅಂತ ಮೊದಲೇ ಹೇಳುವುದಿಲ್ಲ. 1838ರಿಂದ ನಡೆದುಕೊಂಡು ಬಂದಿದೆ. ಮಲೆನಾಡಿನಲ್ಲಿ ಬೆಳೆದ ನಮಗೆ ಮಳೆ ರಜೆ ಗೊತ್ತು, ಬೆಳಿಗ್ಗೆ ರೇಡಿಯೋ ಹತ್ತಿರ ಕಿವಿಯಿಟ್ಟು ಕೂರುತ್ತಿದ್ದೆವು. ಇದು ಬಿಸಿಲಿನ ರಜೆ.

ಟೂರ್ ಕೊನೆಯಲ್ಲಿ ಗಾಜಿನ ಮನೆ. ಕಾಲೇಜಿಗೆ ಹೊಸದಾಗಿ ಬಂದ ಪ್ರತಿ ಹುಡುಗಿಗೂ ಇಲ್ಲಿಂದ ಒಂದು ಕುಂಡ, ಒಂದು ಗಿಡ ಕೊಡುತ್ತಾರೆ. ಗೈಡ್ ತನ್ನ ಗಿಡದ ಫೋಟೊ ಮೊಬೈಲ್‌ನಲ್ಲಿ ತೋರಿಸಿದಳು. ಅಪ್ಪ ಕನ್ನಡಕ ಹಣೆಗೇರಿಸಿ ನೋಡಿ, "ನೀರು ಜಾಸ್ತಿ ಹಾಕ್ತಿದೀಯ, ಎಲೆ ತುದಿ ನೋಡು" ಅಂದರು. ಪುಟ್ಟಿ ಅನುವಾದ ಮಾಡಿದಳು.

ಅಲ್ಲಿಂದ ನಾರ್ತಾಂಪ್ಟನ್‌ಗೆ ಹೆದ್ದಾರಿ ಬಿಟ್ಟು 47ನೇ ನಂಬರಿನ ಹಳೆಯ ರಸ್ತೆ ಹಿಡಿದೆವು. ಹತ್ತು ನಿಮಿಷ ಜಾಸ್ತಿ ಆಗುತ್ತದೆ, ಆಗಲಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕನೆಕ್ಟಿಕಟ್ ನದಿ, ನಡುವೆ ಆಗಷ್ಟೇ ಉತ್ತ ಕಪ್ಪು ಮಣ್ಣಿನ ಹೊಲ. ಹೊಲದಲ್ಲಿ ಉದ್ದುದ್ದ ಮರದ ಕಟ್ಟಡಗಳು, ಗೋಡೆಯ ಹಲಗೆಗಳ ನಡುವೆ ಸಂದು. ಅಪ್ಪ "ನಿಲ್ಲಿಸು ನಿಲ್ಲಿಸು" ಅಂದರು. ಹೊಗೆಸೊಪ್ಪಿನ ಬ್ಯಾರನ್ ಅವು. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್‌ನಲ್ಲಿ ಬೆಂಕಿ ಹಾಕಿ ಎಲೆ ಹದ ಮಾಡುತ್ತಾರೆ, ಇಲ್ಲಿ ಸಿಗಾರ್‌ಗೆ ಹೊರಗೆ ಸುತ್ತುವ ಎಲೆ, ಗಾಳಿಗೇ ಒಣಗಬೇಕು, ಅದಕ್ಕೇ ಆ ಸಂದು. ಐದು ನಿಮಿಷ ರಸ್ತೆ ಬದಿಯಲ್ಲಿ ನಿಂತು ಚಿತ್ರಾನ್ನ ತಿಂದೆವು. ಅಷ್ಟರಲ್ಲಿ ಮಳೆ ಶುರುವಾಯಿತು, ಮೂವರ ಶೂಗೂ ಕೆಸರು.

ಸ್ಮಿತ್ ಕೂಡ ಹೆಣ್ಣುಮಕ್ಕಳ ಕಾಲೇಜೇ, 1875ರಲ್ಲಿ ತೆರೆದದ್ದು. ಇದು ಊರಿನೊಳಗೇ ಇದೆ. ಗೇಟು ದಾಟಿ ಐದು ನಿಮಿಷ ನಡೆದರೆ ಪುಸ್ತಕದಂಗಡಿ, ಕಾಫಿ, ಬಟ್ಟೆ ಅಂಗಡಿ. ಮಳೆಯಲ್ಲಿ ಟೂರ್ ಅರ್ಧಕ್ಕೆ ಮೊಟಕಾಯಿತು. ನಿಜ ಹೇಳಬೇಕೆಂದರೆ ಕಟ್ಟಡಗಳು ನನಗೆ ಹೆಚ್ಚು ನೆನಪಿಲ್ಲ. ನೆನಪಿರುವುದು ಲೈಮನ್ ಕನ್ಸರ್ವೇಟರಿ, 1895ರ ಗಾಜಿನ ಮನೆ. ಹೊರಗೆ ಐದು ಡಿಗ್ರಿ ಚಳಿ, ಬಾಗಿಲು ತೆಗೆದು ಒಳಗೆ ಹೋದರೆ ಜೂನ್ ತಿಂಗಳ ತೋಟದ ವಾಸನೆ. ಕನ್ನಡಕಕ್ಕೆಲ್ಲ ಮಂಜು ಕವಿಯಿತು. ಅದನ್ನು ಒರೆಸಿಕೊಂಡು ನೋಡಿದರೆ ಎದುರಿಗೇ ಬಾಳೆ.

ಅಪ್ಪ ಏನೂ ಮಾತಾಡಲಿಲ್ಲ. ಬಾಳೆ ಎಲೆಯ ಹಿಂಬದಿಯನ್ನು ಮುಟ್ಟಿ ನೋಡಿದರು. ಮನೆ ಬಿಟ್ಟು ಎರಡು ತಿಂಗಳಾಗಿತ್ತು ಅವರಿಗೆ.

ಅಲ್ಲಿ ನೀರು ಬಿಡುತ್ತಿದ್ದ ಒಬ್ಬ ಹೆಂಗಸು ಮಾತಿಗೆ ಸಿಕ್ಕರು. ಈ ಗಿಡಗಳು ಬರೀ ನೋಡುವುದಕ್ಕಲ್ಲ, ತರಗತಿಗೆ ಇಲ್ಲಿಂದಲೇ ಮಾದರಿ ತೆಗೆದುಕೊಂಡು ಹೋಗುತ್ತಾರೆ, ಕೆಲಸಕ್ಕೆ ವಿದ್ಯಾರ್ಥಿನಿಯರೂ ಬರುತ್ತಾರೆ ಅಂದರು. ಮಾರ್ಚ್‌ನಲ್ಲಿ ಬಂದಿದ್ದರೆ ಗೆಡ್ಡೆ ಹೂಗಳ ಪ್ರದರ್ಶನ ಇರುತ್ತಿತ್ತು, ಸಾವಿರಾರು ಟ್ಯುಲಿಪ್, ಹಯಸಿಂತ್. ಅಪ್ಪ ತಮ್ಮ ಕಾಲೇಜಿನಲ್ಲಿ ಹುಡುಗರ ಕೈಲಿ ಗುಂಡಿ ತೋಡಿಸಿ ಮಾಡಿದ ತೋಟದ ವಿಷಯ ಹೇಳಿದರು. ಅದು ಅವರು ವರ್ಗವಾದ ಮೇಲೆ ಸೈಕಲ್ ಸ್ಟ್ಯಾಂಡ್ ಆಯಿತು.

ರಾತ್ರಿ ಉಳಿದ ಜಾಗದಲ್ಲಿ ಹೀಟರ್ ಕೆಟ್ಟಿತ್ತು. ಹೊದಿಕೆ ಸಾಲದೆ ಮೂವರೂ ಜಾಕೆಟ್ ಹಾಕಿಕೊಂಡೇ ಮಲಗಿದೆವು. ಶೂ ಒಳಗೆ ಹಳೆಯ ಪೇಪರ್ ತುರುಕಿಟ್ಟರೆ ನೀರು ಹೀರುತ್ತದೆ ಅಂತ ಅಪ್ಪ ರಿಸೆಪ್ಷನ್‌ನಿಂದ ಪೇಪರ್ ಕೇಳಿ ತಂದರು. ಬೆಳಿಗ್ಗೆ ಹೊತ್ತಿಗೆ ಶೂ ಒಣಗಿತ್ತು. ಮಿಕ್ಕ ಪೇಪರನ್ನು ಅವರು ಚೀಲಕ್ಕೆ ಹಾಕಿಕೊಂಡರು.

ಎರಡನೇ ದಿನ: ಆಮ್ಹರ್ಸ್ಟ್

ನಾರ್ತಾಂಪ್ಟನ್‌ನಿಂದ ನದಿ ದಾಟಿ ಇಪ್ಪತ್ತು ನಿಮಿಷ. ಇಲ್ಲಿ ಅಕ್ಕಪಕ್ಕದ ವಿದ್ಯಾಸಂಸ್ಥೆಗಳು ಕೈಜೋಡಿಸಿವೆ: ನಿನ್ನೆ ನೋಡಿದ ಎರಡು, ಆಮ್ಹರ್ಸ್ಟ್, ಜೊತೆಗೆ ರಾಜ್ಯ ಸರ್ಕಾರದ ದೊಡ್ಡ ಯೂನಿವರ್ಸಿಟಿ. ಒಂದರಲ್ಲಿ ಸೇರಿದ ವಿದ್ಯಾರ್ಥಿ ಇನ್ನೊಂದರಲ್ಲಿ ಹೋಗಿ ಪಾಠ ಕೇಳಬಹುದು. ಓಡಾಡಲು ಬಸ್ ಇದೆ. ಎರಡು ಸಾವಿರ ಜನರ ಕಾಲೇಜು ಚಿಕ್ಕದಾಯಿತಲ್ಲ ಅನ್ನುವ ನನ್ನ ಚಿಂತೆ ಇದನ್ನು ಕೇಳಿ ಸ್ವಲ್ಪ ಕಡಿಮೆಯಾಯಿತು.

ನಾವು ನೋಡಲು ಹೊರಟ ನಾಲ್ಕೂ ಲಿಬರಲ್ ಆರ್ಟ್ಸ್ ಕಾಲೇಜುಗಳು. ಹಾಗಂದ ಕೂಡಲೇ ನಮ್ಮವರು ಬಿಎ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಹಾಗಲ್ಲ. ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಎಲ್ಲವೂ ಇದೆ. ವ್ಯತ್ಯಾಸ ಬೇರೆ ಕಡೆ ಇದೆ. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪಿಎಚ್‌ಡಿ ವಿಭಾಗಗಳಿರುವುದಿಲ್ಲ. ಹಾಗಾಗಿ ಪ್ರಯೋಗಾಲಯದಲ್ಲಿ ಪ್ರೊಫೆಸರ್ ಪಕ್ಕ ನಿಂತು ಕೆಲಸ ಮಾಡುವವರು ಪದವಿ ಹುಡುಗರೇ, ಪೇಪರ್ ತಿದ್ದುವುದೂ ಪ್ರೊಫೆಸರೇ. ಆಮ್ಹರ್ಸ್ಟ್‌ನಲ್ಲಿ ಏಳು ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ ಅನ್ನುವ ಲೆಕ್ಕ. ಅಪ್ಪನ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ತರಗತಿಯಲ್ಲಿ 90 ಜನ ಇರುತ್ತಿದ್ದರು, ಎರಡು ಮೈಕ್ರೋಸ್ಕೋಪ್.

ನಮ್ಮ ಗೈಡ್ ಹುಡುಗ ಭೌತಶಾಸ್ತ್ರ ಮತ್ತು ಸಂಗೀತ ಎರಡನ್ನೂ ಮುಖ್ಯ ವಿಷಯವಾಗಿ ಓದುತ್ತಿದ್ದ. ಅಪ್ಪ ಎರಡು ಸಲ ಕೇಳಿದರು, "ಈ ಕಾಂಬಿನೇಷನ್ ಯಾರು ಕೊಟ್ಟಿದ್ದು?" ಯಾರೂ ಕೊಟ್ಟಿದ್ದಲ್ಲ, ಅವನೇ ಆರಿಸಿಕೊಂಡಿದ್ದು. ಆಮ್ಹರ್ಸ್ಟ್‌ನಲ್ಲಿ ಮೊದಲ ವರ್ಷದ ಒಂದು ಸೆಮಿನಾರ್ ಬಿಟ್ಟರೆ ಎಲ್ಲರೂ ಓದಲೇಬೇಕಾದ ವಿಷಯ ಅಂತಿಲ್ಲ. ಮುಖ್ಯ ವಿಷಯಕ್ಕೆ ಬೇಕಾದ್ದನ್ನು ಓದಬೇಕು, ಮಿಕ್ಕಿದ್ದು ನಿಮ್ಮ ಇಷ್ಟ. ಹದಿನಾರಕ್ಕೇ ಸೈನ್ಸಾ ಕಾಮರ್ಸಾ ಅಂತ ಗೆರೆ ಎಳೆದುಬಿಡುವ ಕಡೆಯಿಂದ ಬಂದ ನನಗೆ ಅದನ್ನು ಕೇಳಿ ಹೊಟ್ಟೆಯೊಳಗೆ ಏನೋ ಆಯಿತು. ಪಿಯುಸಿಯಲ್ಲಿ ನನಗೆ ಇತಿಹಾಸ ಓದುವ ಆಸೆಯಿತ್ತು.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ಊಟ, ವಸತಿ ಎಲ್ಲ ಸೇರಿ ಇಂಥ ಕಾಲೇಜುಗಳಲ್ಲಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಆಮ್ಹರ್ಸ್ಟ್, ವಿಲಿಯಮ್ಸ್ ಎರಡೂ ಮನೆಯ ಆದಾಯ ನೋಡಿ ನೆರವು ಕೊಡುತ್ತವೆ, ಆ ನೆರವಿನಲ್ಲಿ ಸಾಲ ಸೇರಿಸುವುದಿಲ್ಲ. ಒಳ್ಳೆ ಅಂಕ ಬಂತು ಅನ್ನುವುದಕ್ಕೆ ಅಲ್ಲಿ ಸ್ಕಾಲರ್‌ಶಿಪ್ ಇಲ್ಲ. ಸ್ಮಿತ್, ಮೌಂಟ್ ಹೋಲಿಯೋಕ್‌ನಲ್ಲಿ ಅದೂ ಇದೆ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ನಿಮ್ಮ ಮನೆಗೆ ಎಷ್ಟು ಬೀಳಬಹುದು ಅಂತ ಲೆಕ್ಕ ಹಾಕುವ ಪುಟ ಇರುತ್ತದೆ, ಹೊರಡುವ ಮೊದಲೇ ಅರ್ಧ ಗಂಟೆ ಕೂತು ಅದನ್ನು ತುಂಬಿ. ಮಗಳ ಮನಸ್ಸು ಒಂದು ಕಡೆ ನೆಟ್ಟ ಮೇಲೆ ಲೆಕ್ಕ ಹಾಕುವುದು ಕಷ್ಟ.

ಟೂರ್ ಮುಗಿದ ಮೇಲೆ ಬೆನೆಸ್ಕಿ ಮ್ಯೂಸಿಯಂ ನೋಡಿದೆವು. ಕಾಲೇಜಿನದೇ ಮ್ಯೂಸಿಯಂ, ಪ್ರವೇಶಕ್ಕೆ ದುಡ್ಡಿಲ್ಲ. 19ನೇ ಶತಮಾನದಲ್ಲಿ ಈ ಕಾಲೇಜಿನ ಅಧ್ಯಕ್ಷರಾಗಿದ್ದ ಎಡ್ವರ್ಡ್ ಹಿಚ್‌ಕಾಕ್ ಈ ಕಣಿವೆಯ ಕಲ್ಲುಗಳಲ್ಲಿದ್ದ ಹೆಜ್ಜೆ ಗುರುತುಗಳನ್ನು ಕೂಡಿಹಾಕಿದರು. ದೈತ್ಯ ಹಕ್ಕಿಗಳ ಹೆಜ್ಜೆ ಅಂತ ಅವರು ಅಂದುಕೊಂಡಿದ್ದರು, ಡೈನೋಸಾರ್‌ಗಳದು ಅಂತ ಆಮೇಲೆ ಗೊತ್ತಾಯಿತು. ಬಾಗಿಲಿನಷ್ಟು ಎತ್ತರದ ಕಲ್ಲಿನ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಮೂರು ಬೆರಳಿನ ಹೆಜ್ಜೆ, ಒಂದರ ಹಿಂದೆ ಒಂದು, ಅಂಗಳದ ಕೆಸರಿನಲ್ಲಿ ಕೋಳಿ ನಡೆದು ಹೋದ ಹಾಗೆಯೇ. ಒಂದು ಕಲ್ಲಿನ ಮೇಲೆ ಸಣ್ಣ ಸಣ್ಣ ಗುಳಿಗಳು. ಮಳೆ ಹನಿ ಬಿದ್ದ ಗುರುತು. ಸುಮಾರು 19 ಕೋಟಿ ವರ್ಷ ಹಿಂದಿನ ಕೆಸರು, ಅವತ್ತಿನ ಒಂದು ಮಳೆ. ಹೊರಗೆ ಕಿಟಕಿಗೂ ಮಳೆ ಹೊಡೆಯುತ್ತಿತ್ತು. ಪುಟ್ಟಿ ಆ ಕಲ್ಲಿನ ಮುಂದೆ ಎಷ್ಟು ಹೊತ್ತು ನಿಂತಳೆಂದರೆ ನಾನೂ ಸುಮ್ನೆ ಪಕ್ಕದಲ್ಲಿ ನಿಂತೆ.

ತಿರುಗಿ ನೋಡಿದರೆ ಅಪ್ಪ ಇಲ್ಲ.

ಅವರ ಹತ್ತಿರ ಇಲ್ಲಿನ ಸಿಮ್ ಇರಲಿಲ್ಲ. ಮ್ಯೂಸಿಯಂನ ಮೂರು ಮಹಡಿ ಹುಡುಕಿದೆವು, ಹೊರಗೆ ಬಂದು ಮಳೆಯಲ್ಲಿ ಹುಲ್ಲಿನ ಮೇಲೆ ಓಡಾಡಿದೆವು. ಆಮೇಲೆ ಪುಟ್ಟಿಗೇ ಹೊಳೆಯಿತು: "ಅಮ್ಮಾ, ನೋಟಿಸ್ ಬೋರ್ಡ್!" ನಿನ್ನೆಯಿಂದ ಅಪ್ಪ ಅದನ್ನೇ ಮಾಡುತ್ತಿದ್ದರು. ಒಂದು ಕಾಲೇಜು ಹೇಗಿದೆ ಅಂತ ತಿಳಿಯಬೇಕಾದರೆ ಕಟ್ಟಡ ನೋಡಬಾರದು, ನೋಟಿಸ್ ಬೋರ್ಡ್ ಓದಬೇಕು ಅನ್ನುವುದು ಅವರ ಮಾತು. ಇನ್‌ಸ್ಪೆಕ್ಷನ್‌ಗೆ ಹೋದಾಗಲೂ ಅದನ್ನೇ ಮಾಡುತ್ತಿದ್ದರಂತೆ. ಬರೀ ದಂಡ, ಎಚ್ಚರಿಕೆ, ಕೊನೆಯ ದಿನಾಂಕ ಇದ್ದರೆ ಒಂದು ಥರದ ಕಾಲೇಜು. ಹುಡುಗರು ತಾವೇ ಏನಾದರೂ ಬರೆದು ಅಂಟಿಸಿದ್ದರೆ ಇನ್ನೊಂದು ಥರ.

ವಿಜ್ಞಾನ ಕಟ್ಟಡದಲ್ಲಿ ಬೋರ್ಡು ಸಿಕ್ಕಿತು. ಸೆಲ್ಲೋ ಕಲಿಸುತ್ತೇನೆ ಅನ್ನುವ ಚೀಟಿ, ರಾತ್ರಿ ಹಕ್ಕಿ ವಲಸೆ ನೋಡಲು ಬನ್ನಿ ಅನ್ನುವ ಚೀಟಿ, ಕಳೆದುಹೋದ ಎಡಗೈ ಗ್ಲೌಸ್‌ನ ಚಿತ್ರ, ಒಬ್ಬ ವಿದ್ಯಾರ್ಥಿಯ ಪ್ರಬಂಧ ಮಂಡನೆಗೆ ಆಹ್ವಾನ. ಅಪ್ಪ ಅಲ್ಲೂ ಇರಲಿಲ್ಲ. ಮುಂದಿನ ಕಾರಿಡಾರ್‌ನಲ್ಲಿ ಒಂದು ಕೋಣೆಯ ಬಾಗಿಲು ತೆರೆದಿತ್ತು, ಒಳಗಿನಿಂದ ಅವರ ದನಿ ಕೇಳಿಸಿತು. ಪಾಠ ಮಾಡುವ ದನಿ, ನನಗೆ ಚಿಕ್ಕಂದಿನಿಂದ ಗೊತ್ತಿರುವುದು.

ಒಳಗೆ ಒಬ್ಬ ಪ್ರೊಫೆಸರ್, ಐವತ್ತರ ಹೆಂಗಸು. ಎದುರಿನ ಕುರ್ಚಿಯಲ್ಲಿ ಅಪ್ಪ. ಬಾಗಿಲ ಮೇಲಿದ್ದ ಪಾಚಿಯ ಚಿತ್ರವನ್ನು ಅವರು ಬಗ್ಗಿ ನೋಡುತ್ತಿದ್ದಾಗ ಆಕೆ ಒಳಗೆ ಕರೆದರಂತೆ. ಅಪ್ಪನ ಇಂಗ್ಲಿಷ್ ಪಾಠದ ಇಂಗ್ಲಿಷ್, ನಿಧಾನ. ಸಿದ್ದಾಪುರದ ಕತ್ತಲೆಕಾನಿನ ಜೌಗಿನ ವಿಷಯ ಹೇಳುತ್ತಿದ್ದರು. ಅಲ್ಲಿನ ರಾಮಪತ್ರೆ ಜಾತಿಯ ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ, ಉಸಿರಾಡಲು. ಒಂದು ಕಾಗದದ ಮೇಲೆ ಅದರ ಚಿತ್ರ ಬರೆದು ತೋರಿಸುತ್ತಿದ್ದರು. ಆಕೆ ಮುಂದಕ್ಕೆ ಬಾಗಿ ಕೂತಿದ್ದರು, ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಗಡಿಯಾರ ನೋಡಲಿಲ್ಲ. ನಾವು ಬಾಗಿಲಲ್ಲಿ ನಿಂತೆವು, ಕೊನೆಗೆ ಆಕೆಯೇ ನಮ್ಮನ್ನು ನೋಡಿ ನಕ್ಕರು. ಆ ಚಿತ್ರ ಇಟ್ಟುಕೊಳ್ಳಬಹುದಾ ಅಂತ ಅಪ್ಪನನ್ನು ಕೇಳಿದರು.

ನನಗೆ ಬೈಯಬೇಕು ಅಂತಿತ್ತು. ಬೈಯಲಿಲ್ಲ.

ಮಧ್ಯಾಹ್ನ ಕವಿ ಎಮಿಲಿ ಡಿಕಿನ್ಸನ್ ಅವರ ಮನೆ, ಕಾಲೇಜಿನಿಂದ ನಡೆದುಕೊಂಡು ಹೋಗುವಷ್ಟು ದೂರ. 1821ರಲ್ಲಿ ಈ ಕಾಲೇಜು ಕಟ್ಟಿದವರಲ್ಲಿ ಅವರ ಅಜ್ಜನೂ ಒಬ್ಬರು. ಸುಮಾರು 1800 ಕವಿತೆ ಬರೆದವರು, ಬದುಕಿದ್ದಾಗ ಅಚ್ಚಾದದ್ದು ಕೈಬೆರಳೆಣಿಕೆ. ಪುಟ್ಟಿ ಬಂದದ್ದು ಕವಿತೆಗಾಗಿ, ಅಪ್ಪ ಹಿಡಿದುಕೊಂಡದ್ದು ಬೇರೆ ವಿಷಯ. ಹುಡುಗಿಯಾಗಿದ್ದಾಗ ಆಕೆ ಒಂದು ಹರ್ಬೇರಿಯಂ ಮಾಡಿದ್ದರು, 400ಕ್ಕೂ ಹೆಚ್ಚು ಗಿಡಗಳನ್ನು ಒಣಗಿಸಿ ಅಂಟಿಸಿದ ಪುಸ್ತಕ. ಅದೀಗ ಹಾರ್ವರ್ಡ್‌ನಲ್ಲಿದೆ. ಅಪ್ಪ ಪ್ರತಿ ವರ್ಷ ಬಿಎಸ್ಸಿ ಹುಡುಗರಿಂದ ಹರ್ಬೇರಿಯಂ ಮಾಡಿಸುತ್ತಿದ್ದರು. ನಮ್ಮ ಮನೆಯ ದೊಡ್ಡ ಡಿಕ್ಷನರಿ, ಹಳೆಯ ಟೆಲಿಫೋನ್ ಪುಸ್ತಕ ಎಲ್ಲದರ ಕೆಳಗೂ ಯಾವುದೋ ಎಲೆ ಇರುತ್ತಿತ್ತು. "ಹೆಂಗೆ ಮಾಡೋದು ಅಜ್ಜ?" ಅಂತ ಪುಟ್ಟಿ ಕೇಳಿದಳು. ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ.

ಸಂಜೆ ಊರಾಚೆಯ ಆಟ್ಕಿನ್ಸ್ ಫಾರ್ಮ್ಸ್‌ನಲ್ಲಿ ಸೇಬಿನ ರಸ ಹಾಕಿ ಮಾಡಿದ ಡೋನಟ್ ತಿಂದೆವು. ಬಿಸಿ, ಹೊರಗೆ ಸಕ್ಕರೆ ದಾಲ್ಚಿನ್ನಿ. ಅಪ್ಪ ಮೊಟ್ಟೆ ಇರುತ್ತದೆ ಅಂತ ತಿನ್ನಲಿಲ್ಲ, ಸೇಬು ಕೊಂಡರು. ಮೊಸರನ್ನ ಇನ್ನೂ ಉಳಿದಿತ್ತು.

ಮೂರನೇ ದಿನ: ಮೊಹಾಕ್ ಟ್ರೇಲ್, ವಿಲಿಯಮ್ಸ್‌ಟೌನ್

ಗ್ರೀನ್‌ಫೀಲ್ಡ್‌ನಿಂದ ಪಶ್ಚಿಮಕ್ಕೆ 2ನೇ ನಂಬರಿನ ರಸ್ತೆ. 1914ರಲ್ಲಿ ತೆರೆದ ಮೊಹಾಕ್ ಟ್ರೇಲ್ ಇದೇ. ಪಕ್ಕದಲ್ಲೇ ಡೀರ್‌ಫೀಲ್ಡ್ ನದಿ, ಹಿಮ ಕರಗಿದ ನೀರು ತುಂಬಿ ಹರಿಯುತ್ತಿತ್ತು. ಹೊರಡುವ ಮೊದಲೇ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನಮಗೆ ಚಾರ್ಲ್‌ಮಾಂಟ್ ದಾಟಿದ ಮೇಲೆ ಸಿಗ್ನಲ್ ಹೋಯಿತು.

ಅದಕ್ಕೂ ಮುಂಚೆ ರಸ್ತೆ ಬದಿಯ ಒಂದು ಮೇಪಲ್ ಶುಗರ್ ಹೌಸ್‌ನಲ್ಲಿ ನಿಂತೆವು. ಸೀಸನ್ ಮುಗಿದಿತ್ತು. ಒಬ್ಬ ಅಜ್ಜಿ ಉದ್ದನೆಯ ಸ್ಟೀಲ್ ಬಾಣಲೆ ತೊಳೆಯುತ್ತಿದ್ದರು. ಒಳಗೆಲ್ಲ ಹೊಗೆ ಮತ್ತು ಸಿಹಿಯ ವಾಸನೆ. ಅಪ್ಪನೂ ನಾನೂ ಮುಖ ಮುಖ ನೋಡಿಕೊಂಡೆವು. ಆಲೆಮನೆ! 40 ಗ್ಯಾಲನ್ ಮರದ ರಸ ಕುದಿಸಿದರೆ ಒಂದು ಗ್ಯಾಲನ್ ಸಿರಪ್ ಸಿಗುತ್ತದಂತೆ. ರಾತ್ರಿ ಹಿಮ ಕಟ್ಟಬೇಕು, ಹಗಲು ಕರಗಬೇಕು, ಆಗಲೇ ಮರ ರಸ ಬಿಡುವುದು ಅಂದರು ಅಜ್ಜಿ. ಪುಟ್ಟ ಪೇಪರ್ ಲೋಟದಲ್ಲಿ ರುಚಿ ನೋಡಲು ಕೊಟ್ಟರು. ಜೋನಿ ಬೆಲ್ಲ ಇದಕ್ಕಿಂತ ಗಟ್ಟಿ, ಆದರೆ ನಾಲಗೆಯ ಹಿಂಬದಿಗೆ ಬರುವ ಆ ಹೊಗೆಯ ರುಚಿ ಅದೇ. ಒಂದು ಬಾಟಲಿ ಕೊಂಡೆವು. ದೋಸೆಗೆ ಚೆನ್ನಾಗಿರುತ್ತದೆ, ತುಪ್ಪ ಸೇರಿಸಿಕೊಂಡರೆ ಇನ್ನೂ.

ಬೆಟ್ಟದ ನೆತ್ತಿಯಲ್ಲಿ ಹಿಮ ಬೀಳತೊಡಗಿತು. ಏಪ್ರಿಲ್ ನಡುವಿನಲ್ಲಿ! ಆಮೇಲೆ ದಟ್ಟ ಮಂಜು, ಎದುರಿನ ಕಾರಿನ ಕೆಂಪು ದೀಪ ಬಿಟ್ಟು ಏನೂ ಕಾಣುವುದಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಕೆಳಗಿನ ಕಣಿವೆ ಚೆನ್ನಾಗಿ ಕಾಣುತ್ತದೆ ಅಂತ ಎಲ್ಲರೂ ಹೇಳಿದ್ದರು. ನಮಗೆ ಬಿಳಿ ಗೋಡೆ ಕಂಡಿತು. "ಆಗುಂಬೆಯಲ್ಲಿ ಸೂರ್ಯಾಸ್ತ ನೋಡೋಕೆ ನಾಲ್ಕು ಸಲ ಹೋಗಿದೀವಿ, ಕಂಡಿದ್ದು ಒಂದು ಸಲ" ಅಂತ ಅಪ್ಪ ಪುಟ್ಟಿಗೆ ಸಮಾಧಾನ ಹೇಳಿದರು. ಎರಡನೇ ಗೇರಿನಲ್ಲಿ ನಿಧಾನಕ್ಕೆ ಇಳಿದೆವು. ಟೂರ್‌ಗೆ ಇಪ್ಪತ್ತು ನಿಮಿಷ ತಡವಾಯಿತು.

ತಡವಾದರೂ ಸೇರಿಸಿಕೊಂಡರು. ಪುಟ್ಟಿ ಗಾಬರಿಯಾಗಿದ್ದಳು, ಇದನ್ನು ಬರೆದಿಟ್ಟುಕೊಳ್ಳುತ್ತಾರೇನೋ ಅಂತ. ಆಮ್ಹರ್ಸ್ಟ್, ವಿಲಿಯಮ್ಸ್ ಎರಡೂ ಕಡೆ ನೀವು ಬಂದಿರಾ ಇಲ್ಲವಾ ಅನ್ನುವುದನ್ನು ಪ್ರವೇಶಕ್ಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರಲಾಗದ ಮಕ್ಕಳು ಬೇಸರ ಮಾಡಿಕೊಳ್ಳಬೇಕಾಗಿಲ್ಲ.

ವಿಲಿಯಮ್ಸ್ 1793ರಲ್ಲಿ ಶುರುವಾದದ್ದು. ಸುತ್ತ ಬೆಟ್ಟ, ನಡುವೆ ಒಂದು ಬೀದಿ, ಬೀದಿಯ ಎರಡು ಕಡೆಯೂ ಕಾಲೇಜು. ಊರೆಲ್ಲಿ ಮುಗಿಯಿತು, ಕಾಲೇಜೆಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. 1830ರ ದಶಕದಲ್ಲಿ ಕಟ್ಟಿದ ಹಾಪ್ಕಿನ್ಸ್ ವೀಕ್ಷಣಾಲಯ ಇನ್ನೂ ನಿಂತಿದೆ, ಅಮೆರಿಕದಲ್ಲಿ ಉಳಿದಿರುವ ಅತ್ಯಂತ ಹಳೆಯದು. ಒಂದು ಮೂಲೆಯಲ್ಲಿ ಮೇಲೆ ಭೂಗೋಳವಿರುವ ಕಲ್ಲಿನ ಕಂಬ. 1806ರಲ್ಲಿ ಇಲ್ಲಿನ ಐವರು ವಿದ್ಯಾರ್ಥಿಗಳು ಗುಡುಗು ಮಳೆಗೆ ಸಿಕ್ಕಿ ಹುಲ್ಲಿನ ಬಣವೆಯ ಪಕ್ಕ ಕೂತು ಪ್ರಾರ್ಥನೆ ಮಾಡಿದರಂತೆ. ಅಮೆರಿಕದಿಂದ ಹೊರದೇಶಕ್ಕೆ ಮಿಷನರಿಗಳು ಹೋಗುವುದಕ್ಕೆ ಅದೇ ಬೀಜವಾಯಿತು. ಇದೇ ಕಾಲೇಜಿನಲ್ಲಿ ಓದಿದ ಗಾರ್ಡನ್ ಹಾಲ್ 1813ರಲ್ಲಿ ಮುಂಬಯಿಗೆ ಬಂದರು. "ಮಂಗಳೂರಿಗೆ ಬಾಸೆಲ್ ಮಿಷನ್‌ನವರು ಬಂದಿದ್ದು 1834ರಲ್ಲಿ, ಕಿಟ್ಟೆಲ್ ಇನ್ನೂ ಆಮೇಲೆ" ಅಂತ ಅಪ್ಪ ಲೆಕ್ಕ ಹಾಕಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಕೋಣೆ. ಒಂದು ಮೇಜು, ಮೂರು ಕುರ್ಚಿ, ಒಂದು ಕಿಟಕಿ. ಇಲ್ಲಿ ಟ್ಯುಟೋರಿಯಲ್ ನಡೆಯುತ್ತದೆ ಅಂದಳು ಗೈಡ್. ನಮ್ಮಲ್ಲಿ ಟ್ಯುಟೋರಿಯಲ್ ಅಂದರೆ ಫೇಲಾದವರು ಹೋಗುವ ಜಾಗ. ಇಲ್ಲಿ ಹಾಗಲ್ಲ. ಒಬ್ಬ ಪ್ರೊಫೆಸರ್, ಇಬ್ಬರೇ ವಿದ್ಯಾರ್ಥಿಗಳು. ಒಂದು ವಾರ ಒಬ್ಬ ಪ್ರಬಂಧ ಬರೆದು ಓದುತ್ತಾನೆ, ಇನ್ನೊಬ್ಬ ಅದನ್ನು ಒರೆಗೆ ಹಚ್ಚುತ್ತಾನೆ. ಮುಂದಿನ ವಾರ ಅದಲು ಬದಲು. ಪ್ರೊಫೆಸರ್ ಹೆಚ್ಚಾಗಿ ಸುಮ್ಮನಿರುತ್ತಾರೆ. ಓದದೆ ಬಂದರೆ ಅಡಗಿಕೊಳ್ಳಲು ಜಾಗವೇ ಇಲ್ಲ ಅಂತ ಗೈಡ್ ನಕ್ಕಳು. ಈ ಕಾಲೇಜಿನಲ್ಲಿ ಓದಿ ಮುಂದೆ ಅಮೆರಿಕದ ಅಧ್ಯಕ್ಷರಾದ ಗಾರ್ಫೀಲ್ಡ್ ಹೇಳಿದ್ದು ಅಂತ ಒಂದು ಮಾತಿದೆ: ಮರದ ದಿಮ್ಮಿಯ ಒಂದು ತುದಿಯಲ್ಲಿ ಮಾರ್ಕ್ ಹಾಪ್ಕಿನ್ಸ್, ಇನ್ನೊಂದು ತುದಿಯಲ್ಲಿ ಒಬ್ಬ ವಿದ್ಯಾರ್ಥಿ ಕೂತರೆ ಅದೇ ಕಾಲೇಜು. ಹಾಪ್ಕಿನ್ಸ್ ಇಲ್ಲಿ 1836ರಿಂದ 1872ರವರೆಗೆ ಅಧ್ಯಕ್ಷರಾಗಿದ್ದ ಮೇಷ್ಟ್ರು.

ನನಗೆ ನಮ್ಮ ಮನೆಯ ಜಗಲಿ ನೆನಪಾಯಿತು. ಸಂಜೆ ಏಳರ ಹೊತ್ತಿಗೆ, ಬಸ್ ತಪ್ಪಿದ ಹುಡುಗರು, ಹಾಸ್ಟೆಲ್ ಹುಡುಗರು ಇಬ್ಬಿಬ್ಬರೇ ಬಂದು ಕೂರುತ್ತಿದ್ದರು. ಜಗಲಿಯ ಈ ತುದಿಗೆ ಅಪ್ಪ, ಆ ತುದಿಗೆ ಅವರು. 90 ಜನರ ತರಗತಿಯಲ್ಲಿ ಕೇಳಲಾಗದ್ದನ್ನು ಅಲ್ಲಿ ಕೇಳುತ್ತಿದ್ದರು. ಅಮ್ಮ ಎಲ್ಲರಿಗೂ ಕಷಾಯ ಕೊಡುತ್ತಿದ್ದಳು. ದುಡ್ಡು ತೆಗೆದುಕೊಂಡದ್ದಿಲ್ಲ. ಆಗ ನನಗೆ ಅದರಿಂದ ಸಿಟ್ಟು ಬರುತ್ತಿತ್ತು, ಅಪ್ಪ ನಮ್ಮ ಜೊತೆ ಕೂರುವುದಿಲ್ಲ ಅಂತ. ಆ ಕೋಣೆಯಲ್ಲಿ ನಿಂತು ಅದನ್ನು ಅಪ್ಪನಿಗೆ ಹೇಳಿದೆ, ಇದು ನಮ್ಮ ಜಗಲಿ ಥರಾನೇ ಅಲ್ವಾ ಅಂತ. ಅವರು ಮೂರು ಕುರ್ಚಿಗಳನ್ನೂ ನೋಡಿ, "ಇವರು ಇದನ್ನ ಟೈಮ್ ಟೇಬಲ್ಲಿಗೆ ಹಾಕಿಕೊಂಡಿದಾರೆ" ಅಂದರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಟೂರ್ ಮುಗಿದಾಗ ಬಿಸಿಲು ಬಂದಿತ್ತು. ನಾನು ಕಾಫಿ ತರಲು ಹೋದೆ. ವಾಪಸ್ ಬಂದಾಗ ಒಂದು ಉದ್ದ ಬೆಂಚಿನ ಎರಡು ತುದಿಯಲ್ಲಿ ಅಜ್ಜ, ಮೊಮ್ಮಗಳು. ನಡುವೆ ನಾರ್ತಾಂಪ್ಟನ್‌ನಿಂದ ತಂದ ಪೇಪರ್ ಹರಡಿತ್ತು. ಎಲೆ ಬರುವ ಮೊದಲೇ ಕೆಂಪು ಮೇಪಲ್ ಹೂ ಬಿಟ್ಟಿತ್ತು, ಗಾಳಿಗೆ ಉದುರಿದ ಒಂದು ರೆಂಬೆ ಪುಟ್ಟಿಗೆ ಸಿಕ್ಕಿತ್ತು. ಹೂವು ಒಂದರ ಮೇಲೊಂದು ಬರಬಾರದು, ಒಂದಾದರೂ ಮಗುಚಿ ಇಡಬೇಕು, ಹಿಂಬದಿಯೂ ಕಾಣಬೇಕು. ಎಲ್ಲಿ ಸಿಕ್ಕಿತು, ಯಾವ ದಿನ, ಯಾರು ತೆಗೆದರು, ಅಲ್ಲೇ ಬರೆಯಬೇಕು, ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಆಗುವುದಿಲ್ಲ. ಪುಟ್ಟಿ ಕಾಲೇಜಿನ ಬ್ರೋಷರ್ ಹಿಂದೆ ಬರೆದುಕೊಂಡಳು. ಕಾಫಿ ತಣ್ಣಗಾಗುತ್ತಿತ್ತು, ನಾನು ಕರೆಯಲಿಲ್ಲ.

ರಾತ್ರಿ ಹತ್ತೂವರೆಗೆ ಮನೆ ಸೇರಿದೆವು. ನಾಲ್ಕರಲ್ಲಿ ಯಾವುದು ಅಂತ ಪುಟ್ಟಿ ಇನ್ನೂ ಹೇಳಿಲ್ಲ, ನಾವೂ ಕೇಳಿಲ್ಲ. ಆ ರೆಂಬೆ ಅಡುಗೆಮನೆಯಲ್ಲಿ ಎರಡು ಚಪಾತಿ ಮಣೆಗಳ ನಡುವೆ ಇದೆ, ಮೇಲೆ ಇಡ್ಲಿ ಪಾತ್ರೆ, ಅದರೊಳಗೆ ಐದು ಕೆಜಿ ಅಕ್ಕಿ. ಪೇಪರ್ ದಿನಾ ಬದಲಾಯಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅವಳು ಶಾಲೆಗೆ ಹೋಗುವ ಮೊದಲು ಬದಲಾಯಿಸುತ್ತಾಳೆ, ಅಪ್ಪ ಪಕ್ಕದಲ್ಲಿ ನಿಂತು ನೋಡುತ್ತಾರೆ, ಮುಟ್ಟುವುದಿಲ್ಲ.